ನಿಂತುಹೋಗುತ್ತಿದ್ದ ಕಾರು, ತೆಗೆದಿಟ್ಟ ತಂತಿ

ಆ ಕಾರು ಮೊದಲ ಸಲ ನನ್ನ ಗ್ಯಾರೇಜಿಗೆ ಬಂದಾಗ ಅದರಲ್ಲಿ ನನಗೆ ಒಂದು ದೋಷವೂ ಸಿಗಲಿಲ್ಲ. ದೋಷ ಸಿಗದಿದ್ದರೆ ನನಗೆ ಸಿಟ್ಟು ಬರುತ್ತದೆ. ಮರಾಠಿ ಸೀಮೆಯ ಕೋಪರಖೈರಣೆಯ ಈ ಸಣ್ಣ ಜಾಗದಲ್ಲಿ ನಾನು ಮಾಡುವುದು ಅದೊಂದೇ ಕೆಲಸ: ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಚ್ಚಿ, ಬೇರೆ ಮೆಕ್ಯಾನಿಕ್‌ಗಳು ಕೈಚೆಲ್ಲಿ ಕೂತದ್ದನ್ನು ಪತ್ತೆಹಚ್ಚುವುದು. ಹತ್ತು ಜನರಿಗೆ ಕಾಣದ್ದು ನನಗೆ ಕಾಣುತ್ತದೆ ಎಂಬ ಸೊಕ್ಕು ನನಗಿತ್ತು. ಈಗ ಅದು ಸ್ವಲ್ಪ ಇಳಿದಿದೆ. ಇಳಿದದ್ದು ಹೇಗೆ ಎಂದು ಬರೆಯುತ್ತಿದ್ದೇನೆ.

ಕಾರು ತಂದವರು ಎಪ್ಪತ್ತು ದಾಟಿದ ಹಿರಿಯರು. ಉಡುಪಿ ಕಡೆಯವರು. ಬೇಲಾಪುರದ ಒಂದು ಕ್ಯಾಂಟೀನಿನಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು, ಮನೆ ಸೀವುಡ್ಸ್‌ನಲ್ಲಿ. ನಾನು ವಿಜಯಪುರ ಜಿಲ್ಲೆಯವನು. ನಮ್ಮಿಬ್ಬರ ಕನ್ನಡ ಬೇರೆ ಬೇರೆ ಎನ್ನುವುದು ಎರಡನೇ ಮಾತಿಗೇ ಗೊತ್ತಾಯಿತು. ಆದರೂ ಕನ್ನಡದವನು ಎಂಬ ಒಂದೇ ಕಾರಣಕ್ಕೆ ಅವರು ದಾರಿಯಲ್ಲಿ ಸಿಕ್ಕ ಐದಾರು ಗ್ಯಾರೇಜು ದಾಟಿ ನನ್ನನ್ನು ಹುಡುಕಿಕೊಂಡು ಬಂದಿದ್ದರು.

"ಎಂತ ಹೇಳುವುದು ಮಾರಾಯ್ರೆ," ಎಂದರು. "ಸಿಗ್ನಲ್ ಹತ್ರ ಬಂದು ಬ್ರೇಕ್ ಹಾಕಿದ್ರೆ ಸಾಕು, ಇಂಜಿನ್ ಆಫ್. ಪುನಃ ಚಾವಿ ತಿರುಗಿಸಿದ್ರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗ್ತದೆ."

"ದಿನಾ ಹಿಂಗ ಆಕ್ಕೈತೇನ್ರಿ ಕಾಕಾ?"

"ಬೆಳಿಗ್ಗೆ ಜಾಸ್ತಿ. ಸ್ವಲ್ಪ ದೂರ ಓಡಿದ ಮೇಲೆ ಸರಿಯಾಗ್ತದೆ. ಇದು ನನ್ನ ಗಾಡಿ ಅಲ್ಲ, ಮಗನದ್ದು. ಅವ ಶಿಪ್ಪಿನಲ್ಲಿ ಇಂಜಿನಿಯರ್. ಹಾಳು ಮಾಡಿ ಇಟ್ಟರೆ ನನಗೆ ಬೈತಾನೆ."

ಕಾರಿಗೆ ಹತ್ತು ವರ್ಷವಾಗಿದ್ದರೂ ಒಳಗೆ ಹೊರಗೆ ಚೊಕ್ಕಟವಾಗಿತ್ತು. ಡ್ಯಾಶ್‌ಬೋರ್ಡಿನ ಗಡಿಯಾರ ಕೂಡ ನಿಮಿಷ ತಪ್ಪದೆ ನಡೆಯುತ್ತಿತ್ತು. ಸ್ಕ್ಯಾನರ್ ಹಚ್ಚಿದೆ. ಕಂಪ್ಯೂಟರಿನಲ್ಲಿ ಒಂದೂ ದೋಷ ದಾಖಲಾಗಿರಲಿಲ್ಲ. ಒಂದು ವಿಷಯ ಮಾತ್ರ ಕಣ್ಣಿಗೆ ಬಿತ್ತು. ಕಂಪ್ಯೂಟರಿನ ನೆನಪು ಅಳಿಸಿಹೋದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಎಂದು ತೋರಿಸುವ ಒಂದು ಸಾಲು ಇರುತ್ತದೆ. ಅಲ್ಲಿ ಹನ್ನೆರಡು ಕಿಲೋಮೀಟರ್ ಎಂದಿತ್ತು. ಅಂದರೆ ನನಗಿಂತ ಮೊದಲು ಯಾವನೋ ಸ್ಕ್ಯಾನರ್ ಹಚ್ಚಿ ಎಲ್ಲವನ್ನೂ ಅಳಿಸಿ ಕಳಿಸಿದ್ದಾನೆ ಎಂದುಕೊಂಡೆ.

"ನನ್ನಕಿಂತ ಮದ್ಲ ಯಾರಿಗೆ ತೋರಿಸೀರಿ ಕಾಕಾ?"

"ಈ ತಿಂಗಳಲ್ಲಿ ಯಾರಿಗೂ ಇಲ್ಲ."

ನಾನು ನಂಬಲಿಲ್ಲ. ಗಿರಾಕಿಗಳು ಡಾಕ್ಟರರ ಹತ್ತಿರ ಮತ್ತು ಮೆಕ್ಯಾನಿಕ್‌ನ ಹತ್ತಿರ ಇದೊಂದು ವಿಷಯದಲ್ಲಿ ಸುಳ್ಳು ಹೇಳುತ್ತಾರೆ. ಸೀವುಡ್ಸ್‌ನಿಂದ ನನ್ನ ಗ್ಯಾರೇಜಿಗೆ ಹೆಚ್ಚುಕಡಿಮೆ ಹನ್ನೆರಡೇ ಕಿಲೋಮೀಟರ್ ಎನ್ನುವುದು ಅಂದು ನನ್ನ ತಲೆಗೆ ಹೊಳೆಯಲಿಲ್ಲ.

ಎರಡು ದಿನ ಗಾಡಿ ಇಟ್ಟುಕೊಂಡೆ. ಪೆಟ್ರೋಲಿನ ಒತ್ತಡ ಅಳೆದೆ, ಸರಿಯಿತ್ತು. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಿಚ್ಚಿ ನೋಡಿದರೆ ಮಸಿ ಕಟ್ಟಿತ್ತು, ತೊಳೆದೆ. ವೈರಿನ ಒಂದೊಂದು ಕೂಡಿಕೆಯನ್ನೂ ಅಲುಗಾಡಿಸಿ ನೋಡಿದೆ. ಮಹಾಪೆ ರಸ್ತೆಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಸಿ ಹಾಕಿಕೊಂಡು ಓಡಿಸಿದೆ. ಮೊದಲ ದಿನ ಒಂದೆರಡು ಸಲ ಮುಗ್ಗರಿಸಿದ್ದು ಬಿಟ್ಟರೆ ಗಾಡಿ ಎಲ್ಲೂ ನಿಲ್ಲಲಿಲ್ಲ. ಮಸಿಯೇ ಕಾರಣ ಎಂದು ತೀರ್ಮಾನಿಸಿ ಕೊಟ್ಟು ಕಳಿಸಿದೆ. ಮರುದಿನ ಬೆಳಿಗ್ಗೆ ಫೋನು ಬಂತು. ನೆರೂಳದ ಸಿಗ್ನಲ್ಲಿನಲ್ಲಿ ಮತ್ತೆ ನಿಂತಿತ್ತು.

ಎರಡನೇ ಸಲ ಗಾಡಿ ತಂದದ್ದು ಅವರ ಮಗಳು. ಡೊಂಬಿವಲಿಯಲ್ಲಿ ಸಂಸಾರ. ನಾನು ಕನ್ನಡದಲ್ಲಿ ಕೇಳಿದರೆ ಆಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು.

"ಅಂಕಲ್, ಕಲ್ ಶೀಳ್ ಫಾಟಾ ಪೇ ಬಂದ್ ಪಡ್ ಗಯೀ. ಪೀಛೇ ಟ್ರೇಲರ್ ಥಾ," ಎಂದಳು.

ತಂದೆ ಹಿಂದಿನ ದಿನ ಮಧ್ಯಾಹ್ನ ಅವಳ ಮನೆಗೆ ಬಂದಿದ್ದರಂತೆ. ಸಂಜೆ ಮಗಳನ್ನೂ ಮೊಮ್ಮಗಳನ್ನೂ ಕೂರಿಸಿಕೊಂಡು ಸೀವುಡ್ಸ್‌ಗೆ ಹೊರಟಾಗ ಶೀಳ್ ಫಾಟಾದ ತಿರುವಿನಲ್ಲಿ ಇಂಜಿನ್ ನಿಂತಿದೆ. ಹಿಂದಿದ್ದ ಟ್ರೇಲರಿನವನು ಗೇಣಿನಷ್ಟು ಅಂತರದಲ್ಲಿ ಬ್ರೇಕು ಹಾಕಿದ್ದರಿಂದ ಉಳಿದಿದ್ದಾರೆ. ಇನ್ನೊಂದು ಸಲ ಹೀಗಾದರೆ ಗಾಡಿ ಮಾರಿಬಿಡುತ್ತೇನೆ, ಪಪ್ಪನ ಮಾತು ಕೇಳುವುದಿಲ್ಲ ಎಂದಳು. ಮಾರಬೇಡಿ, ನಿಮ್ಮ ಅಣ್ಣ ಬಂದಾಗ ಕೇಳಿದರೆ ಏನು ಹೇಳುತ್ತೀರಿ ಎಂದೆ. ಆಗ ಅವಳು ಹೇಳಿದಳು. ಅಣ್ಣ ಎರಡು ವರ್ಷದ ಹಿಂದೆ ಹಡಗಿನಿಂದ ಸಮುದ್ರಕ್ಕೆ ಬಿದ್ದಿದ್ದ. ಮೂರು ದಿನ ಹುಡುಕಿದರೂ ದೇಹ ಸಿಗಲಿಲ್ಲ. ತಾಯಿ ಮೊದಲೇ ತೀರಿಕೊಂಡಿದ್ದರು. ತಂದೆ ಮಾತ್ರ ಇಂದಿಗೂ ಅವನು ಹಡಗಿನಲ್ಲಿದ್ದಾನೆ ಎಂದೇ ಎಲ್ಲರಿಗೂ ಹೇಳುತ್ತಾರೆ. ನಾನು ಹೋಗಿ ಬಾನೆಟ್ ತೆರೆದೆ.

ಅಂದು ಠಾಣೆ ಶಹರದ ಸರ್ವಿಸ್ ಸೆಂಟರಿನಲ್ಲಿರುವ ನನ್ನ ಹಳೆಯ ಜೊತೆಗಾರನಿಗೆ ಫೋನು ಮಾಡಿದೆ. ಈ ಮಾಡೆಲ್ಲಿಗೆ ಕಂಪನಿ ಹೊಸ ಸಾಫ್ಟ್‌ವೇರ್ ಬಿಟ್ಟಿದೆ, ವೇಗ ತಗ್ಗಿಸುವಾಗ ಇಂಜಿನ್ ನಿಲ್ಲುವ ದೂರಿಗೇ ಬಿಟ್ಟಿದ್ದು, ಹಾಕಿಬಿಡು ಎಂದ. ಕಂಪನಿಯ ಸರ್ವರಿನಿಂದ ಇಳಿಸಿಕೊಳ್ಳುವ ಅಧಿಕೃತ ವ್ಯವಸ್ಥೆ ನನ್ನಲ್ಲೂ ಇತ್ತು. ಅರ್ಧ ತಾಸಿನ ಕೆಲಸ. ಆದರೂ ನನ್ನ ಕೈ ಹಿಂಜರಿಯಿತು.

ಹಿಂಜರಿಯಲು ಕಾರಣ ಇತ್ತು. ಇಂಜಿನ್ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕುವಾಗ ಮೊದಲು ಹಳೆಯದನ್ನು ಅಳಿಸುತ್ತದೆ, ಆಮೇಲೆ ಹೊಸದನ್ನು ಬರೆಯುತ್ತದೆ. ನಡುವೆ ಕರೆಂಟ್ ತಪ್ಪಿದರೆ ಅಥವಾ ಬ್ಯಾಟರಿ ಕುಸಿದರೆ ಒಳಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಕಲ್ಯಾಣದಲ್ಲಿ ಒಬ್ಬ ಗಿರಾಕಿಯ ಅಂಗಳದಲ್ಲಿ ಹಾಗೆ ಒಂದು ಗಾಡಿಯನ್ನು ನಾನು ಕೊಂದಿದ್ದೆ. ಚಾರ್ಜರ್ ಹಚ್ಚಿದ್ದೆ, ನಡುವೆ ಬಡಾವಣೆಯ ಲೈಟು ಹೋಯಿತು. ಹೊಸ ಕಂಪ್ಯೂಟರ್ ಬಂದು, ಅದು ಆ ಗಾಡಿಯ ಕೀಲಿಯನ್ನು ಗುರುತಿಸುವಂತೆ ಮಾಡುವಷ್ಟರಲ್ಲಿ ತಿಂಗಳು ಕಳೆದಿತ್ತು. ಹಿರಿಯರ ಗಾಡಿಯ ಈ ಮಾಡೆಲ್ಲಿನ ಕಂಪ್ಯೂಟರ್ ಈಗ ತಯಾರಾಗುತ್ತಲೇ ಇಲ್ಲ. ಕೆಟ್ಟರೆ ಮಗನ ಗಾಡಿ ಅಲ್ಲೇ ಮುಗಿಯುತ್ತದೆ. ಅದಕ್ಕೇ, ಸಾಫ್ಟ್‌ವೇರ್ ಮುಟ್ಟುವ ಮೊದಲು ಗಾಡಿ ಬೆಳಿಗ್ಗೆ ಹೇಗೆ ವರ್ತಿಸುತ್ತದೆ ಎಂದು ಕಣ್ಣಾರೆ ನೋಡೋಣ ಎಂದುಕೊಂಡೆ. ಗಾಡಿ ಅವರ ಮನೆಗೆ ಕಳಿಸಿ, ಮರುದಿನ ಆರೂವರೆಗೆ ನಾನೇ ಸೀವುಡ್ಸ್‌ಗೆ ಹೋದೆ.

ಸೊಸೈಟಿಯ ಪಾರ್ಕಿಂಗಿನಲ್ಲಿ ಹಿರಿಯರು ನನಗಿಂತ ಮೊದಲೇ ಇದ್ದರು. ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡಿದ್ದರು. ಬಾನೆಟ್ ತೆರೆದು, ಒಂದು ಬಟ್ಟೆಯಿಂದ ಬ್ಯಾಟರಿ ಒರೆಸಿ, ಪಕ್ಕಕ್ಕೆ ಸರಿಸಿಟ್ಟಿದ್ದ ಕಪ್ಪು ತಂತಿಯನ್ನು ಅದರ ಜಾಗಕ್ಕೆ ಕೂರಿಸಿ ಹತ್ತು ನಂಬರ್ ಪಾನಾದಿಂದ ನಟ್ಟು ಬಿಗಿದರು. ಆಮೇಲೆ ಒಳಗೆ ಕೂತು, ಕೈಗಡಿಯಾರ ನೋಡಿಕೊಂಡು, ಡ್ಯಾಶ್‌ಬೋರ್ಡಿನ ಗಡಿಯಾರವನ್ನು ಸರಿಮಾಡಿದರು.

"ಕಾಕಾ, ಬ್ಯಾಟರಿ ತಂತಿ ದಿನಾ ತಗೀತೀರೇನು?"

"ದಿನಾ ಅಂತ ಅಲ್ಲ, ನಿಲ್ಲಿಸಿದಾಗೆಲ್ಲ," ಎಂದರು. "ಮೊದಲು ನಾವು ಊರಿಗೆ ಹೋಗುವಾಗ ಮಾತ್ರ ತೆಗೆದಿಟ್ಟು ಹೋಗ್ತಿದ್ದೆವು. ನಮ್ಮ ಕಡೆಯವರು ಎಲ್ಲರೂ ಹಾಗೆಯೇ ಅಲ್ವಾ, ತಿಂಗಳುಗಟ್ಟಲೆ ಗಾಡಿ ನಿಂತರೆ ಬ್ಯಾಟರಿ ಇಳಿದು ಹೋಗ್ತದೆ. ಕಡೇ ಸಲ ಶಿಪ್ಪಿನಿಂದ ಫೋನ್ ಮಾಡಿದಾಗ ಮಗ ಹೇಳಿದ, ಅಪ್ಪ, ನಾನು ಬರುವ ತನಕ ಗಾಡಿ ನಿಲ್ಲಿಸಿದಾಗೆಲ್ಲ ವೈರ್ ತೆಗೆದಿಡಿ ಅಂತ. ಡೊಂಬಿವಲಿಗೆ ಹೋದ್ರೂ ಪಾನಾ ಕಿಸೆಯಲ್ಲೇ ಉಂಟು. ಒಂದು ದಿನ ತಪ್ಪಿಸಿದವನಲ್ಲ ನಾನು."

ಎಲ್ಲ ಒಮ್ಮೆಗೇ ಕೂಡಿಬಂತು. ಇಂಜಿನ್ ಕಂಪ್ಯೂಟರ್ ದಿನದಿನವೂ ಗಾಡಿಯಿಂದ ಕಲಿಯುತ್ತದೆ. ಎಷ್ಟು ಸವೆದಿದೆ, ಎಷ್ಟು ಮಸಿ ಕಟ್ಟಿದೆ, ನಿಂತಲ್ಲಿ ಇಂಜಿನ್ ಉಸಿರಾಡಲು ಎಷ್ಟು ಗಾಳಿ ಬೇಕು ಎಂದು ಗುರುತಿಟ್ಟುಕೊಳ್ಳುತ್ತದೆ. ಈ ಮಾಡೆಲ್ಲಿನಲ್ಲಿ ಆ ಗುರುತು ಉಳಿಯುವುದು ಬ್ಯಾಟರಿಯ ಕರೆಂಟ್ ಇರುವ ತನಕ ಮಾತ್ರ. ತಂತಿ ತೆಗೆದರೆ ಎಲ್ಲ ಅಳಿಸಿ, ಕಾರ್ಖಾನೆಯಿಂದ ಹೊರಬಿದ್ದ ದಿನದ ಅಳತೆಗೆ ಮರಳುತ್ತದೆ. ಹೊಸ ಇಂಜಿನ್ನಿಗೆ ಸಾಕಾಗುತ್ತಿದ್ದ ಗಾಳಿ, ಸವೆಯುತ್ತ ಬಂದ ಈ ಹಳೆಯದಕ್ಕೆ ಈಗೀಗ ಸಾಲದು, ಬ್ರೇಕು ಹಾಕಿದಾಗ ಅದು ಸತ್ತುಹೋಗುತ್ತದೆ. ನನ್ನ ಗ್ಯಾರೇಜಿನಲ್ಲಿ ಯಾರೂ ತಂತಿ ತೆಗೆಯುತ್ತಿರಲಿಲ್ಲ, ಅದಕ್ಕೇ ಅಲ್ಲಿ ಅದು ಸರಿಹೋಗುತ್ತಿತ್ತು.

ಆ ಕ್ಷಣ ನನಗೆ ಆದದ್ದು ಖುಷಿ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಮಗ ತೀರಿಹೋದ ಸಂಗತಿ ನನಗೆ ಗೊತ್ತಿತ್ತು, ಅವನು ಹೇಳಿದ ಮಾತೂ ನನ್ನ ಕಿವಿಗೆ ಬಿದ್ದಿತ್ತು. ಅದರಲ್ಲಿ ನಾನು ಬ್ಯಾಟರಿಯನ್ನು ಮಾತ್ರ ಕೇಳಿಸಿಕೊಂಡೆ.

ಠಾಣೆಯ ಜೊತೆಗಾರ ಕಂಪನಿಯ ಸೂಚನೆಯನ್ನು ಪೂರ್ತಿ ಓದಿ ಹೇಳಿದ. ಬ್ಯಾಟರಿ ಕಳಚಿ ಮತ್ತೆ ಹಾಕಿದ ಮೇಲೆ ಇಂಜಿನ್ ನಿಲ್ಲುವುದನ್ನು ತಡೆಯಲೆಂದೇ ಆ ಸಾಫ್ಟ್‌ವೇರ್ ಬಂದಿತ್ತು. ಹೊಸದರಲ್ಲಿ ಮೊದಲ ಅಳತೆಯನ್ನೇ ಹೆಚ್ಚಿಸಿದ್ದರು. ಅಂದರೆ ಎರಡು ದಾರಿ ಇದ್ದವು. ಸಾಫ್ಟ್‌ವೇರ್ ಹಾಕಿದರೆ ಅವರು ತಂತಿ ತೆಗೆಯುತ್ತಲೇ ಇರಬಹುದು. ತಂತಿ ತೆಗೆಯುವುದನ್ನು ಬಿಟ್ಟರೆ ಸಾಫ್ಟ್‌ವೇರ್ ಮುಟ್ಟುವುದೇ ಬೇಡ. ನಾನು ಒಂದು ದಿನವಿಡೀ ಯೋಚಿಸಿದೆ. ಕಲ್ಯಾಣದ ಅಂಗಳ ಕಣ್ಣ ಮುಂದೆ ಬಂತು. ದೋಷವಿಲ್ಲದ ಸಾಫ್ಟ್‌ವೇರ್ ಮುಟ್ಟಬಾರದು ಎನ್ನುವುದು ನಮ್ಮ ಕಸುಬಿನ ಕಟ್ಟುಪಾಡು. ಆ ಕಟ್ಟುಪಾಡಿನ ಹಿಂದೆ ನನ್ನ ಹೆದರಿಕೆಯೂ ಅಡಗಿ ಕೂತಿತ್ತು.

ಮಗಳೂ ಇದ್ದ ದಿನ ಇಬ್ಬರನ್ನೂ ಗ್ಯಾರೇಜಿಗೆ ಕರೆಸಿ ಹೇಳಿದೆ. "ಗಾಡ್ಯಾಗ ಏನೂ ತಪ್ಪಿಲ್ಲ ಕಾಕಾ. ಇನ್ನ ಮ್ಯಾಲ ಆ ತಂತಿ ತಗೀಬ್ಯಾಡ್ರಿ. ಅಷ್ಟ."

ಮಗಳ ಮುಖದಲ್ಲಿ ನೆಮ್ಮದಿ ಕಂಡಿತು. ಹಿರಿಯರು ಕಾರಿನ ಬಾನೆಟ್ ಮೇಲೆ ಕೈಯಿಟ್ಟರು.

"ಬೇರೆ ದಾರಿ ಇಲ್ವಾ?" ಎಂದರು.

"ಇಲ್ರಿ," ಎಂದೆ.

"ತೆಗೀದಿದ್ರೆ ನಿಲ್ಲುವುದಿಲ್ಲ, ಅಲ್ವಾ? ಮಗುವನ್ನು ಕೂರಿಸಿಕೊಂಡು ಹೋಗುವ ಗಾಡಿ."

"ನಿಂದ್ರೂದಿಲ್ಲ."

"ಆಯ್ತು ಹಾಗಾದ್ರೆ," ಎಂದು ಕಾರಿನೊಳಗೆ ಹೋಗಿ ಕೂತರು.

ಅವರು ಮಾತಿನಂತೆ ನಡೆದುಕೊಂಡರು. ಗಾಡಿ ಮತ್ತೆ ನಿಲ್ಲಲಿಲ್ಲ. ನಾನು ಈ ಪ್ರಸಂಗವನ್ನು ನಾಲ್ಕೈದು ಜನ ಮೆಕ್ಯಾನಿಕ್‌ಗಳಿಗೆ ಜಂಬದಿಂದ ಹೇಳಿಕೊಂಡು ತಿರುಗಿದೆ. ಅದರಲ್ಲೊಬ್ಬ ನಗುತ್ತ ಮುದುಕರಿಗೆ ಅರಳು ಮರಳು ಎಂದಾಗ ನಾನೂ ನಕ್ಕೆ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ.

ಎರಡು ತಿಂಗಳ ಮೇಲೆ ಇಂಜಿನ್ ಆಯಿಲ್ ಬದಲಿಸಲು ಮಗಳು ಒಬ್ಬಳೇ ಬಂದಳು. ಕಾಕಾ ಹೇಗಿದ್ದಾರೆ ಎಂದು ಕೇಳಿದ್ದಕ್ಕೆ ಅವಳ ಕಣ್ಣು ತುಂಬಿತು.

"ನೀಚೇ ಹೀ ನಹೀಂ ಉತರ್ತೇ, ಅಂಕಲ್," ಎಂದಳು. ಮನೆಯಿಂದ ಕೆಳಗೇ ಇಳಿಯುವುದಿಲ್ಲವಂತೆ. ಮೊದಲು ಬೆಳಿಗ್ಗೆ ಆರಕ್ಕೇ ಎದ್ದು ತಯಾರಾಗಿ ಪಾರ್ಕಿಂಗಿಗೆ ಹೋಗುತ್ತಿದ್ದರು, ಎಲ್ಲೂ ಹೋಗುವುದಿಲ್ಲದಿದ್ದರೂ ತಂತಿ ಕೂಡಿಸಿ, ಐದು ನಿಮಿಷ ಇಂಜಿನ್ ನಡೆಸಿ, ಮತ್ತೆ ತೆಗೆದಿಟ್ಟು ಬರುತ್ತಿದ್ದರು. ಈಗ ಹಾಸಿಗೆಯಿಂದ ಏಳುವುದೇ ಹತ್ತಕ್ಕೆ. ಬಾಗಿಲ ಹತ್ತಿರ ಎರಡು ವರ್ಷ ಯಾರಿಗೂ ಮುಟ್ಟಲು ಬಿಡದೆ ಇಟ್ಟಿದ್ದ ಅಣ್ಣನ ಶೂಗಳನ್ನು ಹೋದ ವಾರ ವಾಚ್‌ಮನ್‌ಗೆ ಕೊಟ್ಟುಬಿಟ್ಟಿದ್ದರು. ಅಣ್ಣ ಹೋದದ್ದನ್ನು ಪಪ್ಪ ಒಪ್ಪಿಕೊಳ್ಳಲಿ ಎಂದು ತಾನು ಎಷ್ಟು ಬೇಡಿಕೊಂಡಿದ್ದೆ, ಈಗ ಒಪ್ಪಿಕೊಂಡಿದ್ದಾರೆ, ನೋಡಲಾಗುತ್ತಿಲ್ಲ ಎಂದು ಅತ್ತಳು.

ನಾನು ಆಯಿಲ್ ಬದಲಿಸಿ ಕೈ ತೊಳೆದುಕೊಂಡೆ. ಗಾಡಿ ನಾಳೆ ಕೊಡುತ್ತೇನೆ, ಇಲ್ಲೇ ಇರಲಿ ಎಂದೆ.

ಮರುದಿನ ಬೆಳಿಗ್ಗೆ ಎಲ್ಲ ಕೆಲಸ ಬದಿಗಿಟ್ಟು ಶಟರ್ ಅರ್ಧ ಇಳಿಸಿದೆ. ಈ ಸಲ ಚಾರ್ಜರ್ ನಂಬಲಿಲ್ಲ, ತುಂಬಿದ ಎರಡನೇ ಬ್ಯಾಟರಿಯನ್ನು ಗಾಡಿಯ ಬ್ಯಾಟರಿಗೆ ಜೋಡಿಸಿದೆ. ಹೆಡ್‌ಲೈಟು, ಎಸಿ, ಸ್ಟೀರಿಯೊ ಎಲ್ಲ ಬಂದ್ ಮಾಡಿ ಫ್ಯಾನಿನ ಫ್ಯೂಸ್ ಕಿತ್ತಿಟ್ಟೆ. ಲ್ಯಾಪ್‌ಟಾಪ್ ನಡುವೆ ನಿದ್ದೆಹೋಗದಂತೆ ಮಾಡಿದೆ. ಗಾಡಿಯ ನಂಬರನ್ನೂ ಹೊಸ ಸಾಫ್ಟ್‌ವೇರಿನ ನಂಬರನ್ನೂ ಅಕ್ಷರ ಅಕ್ಷರ ಹೊಂದಿಸಿ ಎರಡು ಸಲ ಓದಿದೆ. ಹಳೆಯದರ ಒಂದು ಪ್ರತಿ ಉಳಿಸಿಕೊಂಡೆ. ಆಮೇಲೆ ಬಟನ್ ಒತ್ತಿದೆ.

ಅಳಿಸುವುದು ಬೇಗ ಮುಗಿಯಿತು. ಬರೆಯುವುದು ನೂರಕ್ಕೆ ಅರವತ್ತೆಂಟರ ತನಕ ಸರಾಗವಾಗಿ ಹೋಗಿ ಅಲ್ಲಿ ನಿಂತಿತು. ಹಸಿರು ಪಟ್ಟಿ ಅಲುಗಾಡಲಿಲ್ಲ. ಒಂದು ನಿಮಿಷ, ಎರಡು, ಮೂರು. ಮುಟ್ಟುವಂತಿಲ್ಲ, ಕೇಬಲ್ ಕೀಳುವಂತಿಲ್ಲ. ಒಬ್ಬ ಮನುಷ್ಯನಿಂದ ನಾನು ಕಿತ್ತುಕೊಂಡದ್ದು ಸಾಲದು ಎಂದು ಈಗ ಗಾಡಿಯನ್ನೂ ಕೊಂದೆನಲ್ಲ ಎನ್ನಿಸಿತು. ನಾಲ್ಕನೇ ನಿಮಿಷಕ್ಕೆ ಅರವತ್ತೊಂಬತ್ತಾಯಿತು. ನೂರು ಆದಾಗ ನಾನು ನೆಲದ ಮೇಲೆ ಕೂತಿದ್ದೆ.

ಕೀಲಿ ತೆಗೆದು, ಕಾದು, ಮತ್ತೆ ತಿರುಗಿಸಿದೆ. ಇಂಜಿನ್ ಹೊತ್ತಿಕೊಂಡಿತು. ಆಮೇಲೆ ಅವರಂತೆಯೇ ಕಪ್ಪು ತಂತಿ ತೆಗೆದು, ಅರ್ಧ ತಾಸು ಬಿಟ್ಟು ಕೂಡಿಸಿ, ಮಹಾಪೆಯ ಸಿಗ್ನಲ್ಲಿನ ತನಕ ಓಡಿಸಿ ಬ್ರೇಕು ಹಾಕಿದೆ. ಇಂಜಿನ್ ವೇಗ ತೋರಿಸುವ ಮುಳ್ಳು ಒಮ್ಮೆ ತಗ್ಗಿ ಮೇಲೆದ್ದಿತು, ಇಂಜಿನ್ ನಿಲ್ಲಲಿಲ್ಲ. ಹೀಗೆ ಅಂದು ನಾಲ್ಕು ಸಲ ತೆಗೆದು ಕೂಡಿಸಿ ನೋಡಿದೆ. ನಾಲ್ಕು ಸಲವೂ ನಿಲ್ಲಲಿಲ್ಲ.

ಸಂಜೆ ಮಗಳೊಂದಿಗೆ ಸೀವುಡ್ಸ್‌ಗೆ ಹೋದೆ. ಹಿರಿಯರು ಸೊರಗಿಹೋಗಿದ್ದರು, ಗಡ್ಡ ಬಂದಿತ್ತು. ನನ್ನನ್ನು ನೋಡಿ ಏಳಲು ಹೋದರು, ನಾನು ಬೇಡ ಎಂದು ಅವರ ಪಕ್ಕದಲ್ಲೇ ಕೂತೆ.

"ಕಾಕಾ, ಅವತ್ತ ನಾ ಸುಳ್ಳ ಹೇಳಿದೆ. ಬ್ಯಾರೆ ದಾರಿ ಇತ್ತು. ಹೆದರಿ ಮಾಡಿರಲಿಲ್ಲ, ಇವತ್ತ ಮಾಡೀನಿ. ಇನ್ನ ನೀವು ಎಷ್ಟ ಸಲ ಬೇಕಾದ್ರೂ ತಂತಿ ತಗೀರಿ, ಗಾಡಿ ನಿಂದ್ರೂದಿಲ್ಲ."

ಅವರು ಎದ್ದು ಚಪ್ಪಲಿ ಮೆಟ್ಟಿದರು. ನಾವು ಮೂವರೂ ಲಿಫ್ಟಿನಲ್ಲಿ ಇಳಿದು ಪಾರ್ಕಿಂಗಿಗೆ ಬಂದೆವು. ಬಾನೆಟ್ ಅವರೇ ತೆರೆದರು. ನನ್ನ ಕೈಯಿಂದ ಪಾನಾ ಇಸಿದುಕೊಂಡು ನಟ್ಟಿಗೆ ಇಟ್ಟು ಅರ್ಧ ಸುತ್ತು ತಿರುಗಿಸಿದರು. ಅಲ್ಲಿಗೆ ಅವರ ಕೈ ನಿಂತಿತು.

"ನಾನು ಬರುವ ತನಕ ಅಂತ ಹೇಳಿದ್ದ ಅವ," ಎಂದರು. "ಎರಡು ತಿಂಗಳು ತೆಗೆಯಲಿಲ್ಲ ನಾನು. ಒಂದು ದಿನ ತಪ್ಪಿದ್ರೆ ಮರೆತುಹೋಯ್ತು ಅಂತ ಹೇಳಬಹುದಿತ್ತು ಮಾರಾಯ್ರೆ. ಇದು ಮರೆತದ್ದಲ್ಲ. ಮೊದಲನೇ ದಿನ ತೆಗೆಯದೆ ಮೇಲೆ ಹೋದೆನಲ್ಲ, ಅವತ್ತು ಇಡೀ ರಾತ್ರಿ ಕೂತಿದ್ದೆ. ಅವ ಬರುವುದಿಲ್ಲ ಅಂತ ಅವತ್ತು ನಾನೇ ಹೇಳಿದ ಹಾಗೆ ಆಯ್ತು. ಇನ್ನು ತೆಗೆದ್ರೆ ಇದು ಬರೀ ಬ್ಯಾಟರಿ ವೈರ್."

ತಪ್ಪಾಯಿತು ಎನ್ನಬೇಕೆಂದೇ ನಾನು ಬಂದಿದ್ದೆ.

"ನಿಮ್ಮ ತಪ್ಪಲ್ಲ," ಎಂದು ಅವರೇ ಹೇಳಿದರು. "ಮಗು ಇತ್ತಲ್ಲ ಗಾಡಿಯಲ್ಲಿ."

ಸಡಿಲಿಸಿದ್ದ ನಟ್ಟನ್ನು ಮತ್ತೆ ಬಿಗಿದರು. ಬಿಗಿಯಾಗಿದೆಯೇ ಎಂದು ತಂತಿ ಅಲುಗಾಡಿಸಿ ನೋಡಿದರು. ಬಾನೆಟ್ ಇಳಿಸಿ, ಚಾವಿಯನ್ನು ಮಗಳ ಕೈಗೆ ಕೊಟ್ಟು, ನೀನೇ ಡೊಂಬಿವಲಿಗೆ ತೆಗೆದುಕೊಂಡು ಹೋಗು ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮೇಲೆ ಬನ್ನಿ, ಚಾ ಕುಡಿದು ಹೋಗಿ ಎಂದರು. ನಾನು ಹೋದೆ. ಅವರೇ ಚಾ ಮಾಡಿ ಕೊಟ್ಟರು.

ಕಾರು ಈಗ ಡೊಂಬಿವಲಿಯಲ್ಲಿದೆ. ಆರು ತಿಂಗಳಿಗೊಮ್ಮೆ ಮಗಳು ನನ್ನಲ್ಲಿಗೆ ತರುತ್ತಾಳೆ. ನಾನು ಸ್ಕ್ಯಾನರ್ ಹಚ್ಚುತ್ತೇನೆ. ಅಂದು ಹನ್ನೆರಡು ಕಿಲೋಮೀಟರ್ ತೋರಿಸಿದ್ದ ಸಾಲಿನಲ್ಲಿ, ನೆನಪು ಅಳಿಸಿದ ಮೇಲೆ ಓಡಿದ ದೂರ ಪ್ರತಿ ಸಲ ಹೆಚ್ಚಾಗಿರುತ್ತದೆ. ಹೋದ ಸಲ ನೋಡಿದಾಗ ಅದು ಸಾವಿರಾರು ಕಿಲೋಮೀಟರ್ ಆಗಿತ್ತು.